ಕೋಲಿಗೊಂದು ಕೋಟು

ನಮ್ಮ ಭಾವ ಬ್ಯಾಂಕಿನಿಂದ ರಿಟೈರ್ ಆದಮೇಲೆ ವಾಕಿಂಗ್ ಹೋಗಲಿ, ಯೋಗ ಮಾಡಲಿ ಅಂತ ಅಕ್ಕನಿಗೆ ಆಸೆ ಇತ್ತು. ಅವರು ಮರ ಕಡೆಯೋ ಲೇಥ್ ಕೊಂಡರು. ಲೇಥ್ ಶೆಡ್ಡಿಗೆ ಬಂತು, ಕಾರು ರಸ್ತೆಗೆ ಬಿತ್ತು. ಮೊದಲು ಬುಗುರಿಗಳಾದವು, ಆಮೇಲೆ ಯಾರಿಗೂ ಬೇಡದ ಪೆನ್ ಸ್ಟ್ಯಾಂಡುಗಳಾದವು. ನಾನು ಭಾನುವಾರ ಪೂಲ್, ಅಂದರೆ ಟೇಬಲ್ ಮೇಲಿನ ಚೆಂಡುಗಳನ್ನು ಕೋಲಿನಿಂದ ಹೊಡೆದು ಗುಂಡಿಗೆ ಬೀಳಿಸೋ ಆಟ, ಆಡೋಕೆ ಹೋಗ್ತೀನಿ ಅಂತ ಗೊತ್ತಾದ ತಕ್ಷಣ ಟೇಪು ಹಿಡಿದು ನನ್ನ ತೋಳಿನ ಅಳತೆ ತೆಗೆದರು.

"ಪಾರ್ಲರಿನ ಡೊಂಕು ಕೋಲು ಹಿಡ್ಕೊಂಡು ಯಾಕೆ ಮರ್ಯಾದೆ ಕಳ್ಕೋತೀಯಯ್ಯಾ? ನಾನು ಮಾಡಿಕೊಡ್ತೀನಿ."

ಮಾಡಿಯೂ ಕೊಟ್ಟರು. ಅದರಲ್ಲಿ ಎರಡು ಮಾತಿಲ್ಲ. 58 ಇಂಚಿನ ಕೋಲು, ನಡುವೆ ಬಿಚ್ಚಿ ಎರಡು ತುಂಡು ಮಾಡಬಹುದು. ಮುಂದಿನ ಅರ್ಧ ಮೇಪಲ್ ಮರ, ಹಿಂದಿನ ಅರ್ಧ ಬೀಟೆ. ಬೀಟೆ ಎಲ್ಲಿಂದ ಬಂತು ಅಂದರೆ, ಕೊಪ್ಪದ ಹಳೇ ಮನೆಯ ಮಂಚದ ಪಟ್ಟಿಯಿಂದ. ಆ ಮಂಚದ ಮೇಲೆ ಭಾವನ ತಾತ ಮಲಗುತ್ತಿದ್ದರಂತೆ. ಈಗ ಅದರ ಮೇಲೆ ಯಾರೂ ಮಲಗೋ ಹಾಗಿಲ್ಲ, ಆ ಮಾತು ಬೇರೆ.

ಕೋಲು ಮಾಡೋದು ಸುಲಭ, ಅದರ ಮೇಲೆ ಏನು ಬಳಿಯಬೇಕು ಅನ್ನೋದೇ ಕಷ್ಟ ಅಂತ ಆಗ ನಮಗೆ ಗೊತ್ತಿರಲಿಲ್ಲ. ಬರೀ ಮರ ಬಿಟ್ಟರೆ ಆಗಲ್ಲ. ಕೈ ಬೆವರು ಕುಡಿಯುತ್ತೆ, ತುದಿ ಜಾರದ ಹಾಗೆ ಹಚ್ಚೋ ನೀಲಿ ಚಾಕ್ ಪುಡಿ ಕುಡಿಯುತ್ತೆ, ಮಳೆಗಾಲದ ತೇವ ಕುಡಿಯುತ್ತೆ. ಕುಡಿದಮೇಲೆ ನೆಟ್ಟಗೆ ನಿಲ್ಲೋರು ಯಾರು? ಮರವೂ ಬಾಗುತ್ತೆ.

"ಗಟ್ಟಿ ಕೋಟಿಂಗ್ ಬೇಕು, ಮೊಮ್ಮಕ್ಕಳ ಕಾಲಕ್ಕೂ ಹೋಗಬಾರದು" ಅಂತ ಭಾವ ಘೋಷಿಸಿದರು. ಸರಿ, ಬೀದಿಯವರೆಲ್ಲ ಸಲಹೆಗಾರರಾದರು.

ಮೊದಲು ಬಂದವರು ಬಡಗಿ. ಅವರದು ಸ್ಪಿರಿಟ್ ಪಾಲಿಶ್, ಅಂದರೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಲ್ಲಿ ತಿಕ್ಕೋದು. ಭಾವನಿಗೆ ದೇಶಾಭಿಮಾನ ಉಕ್ಕಿತು. "ಸ್ನೂಕರ್ ಹುಟ್ಟಿದ್ದು ನಮ್ಮ ಜಬಲ್ಪುರದಲ್ಲಿ ಕಣಯ್ಯಾ, 1875ರಲ್ಲಿ. ಅರಗೂ ನಮ್ಮದೇ. ಚನ್ನಪಟ್ಟಣದ ಬೊಂಬೆ ನೋಡು, ಲೇಥ್ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಕರಗಿ ಹತ್ತಿಕೊಳ್ಳುತ್ತೆ." ಸ್ನೂಕರ್ ಹುಟ್ಟಿಸಿದ್ದು ಬ್ರಿಟಿಷ್ ಸೈನ್ಯಾಧಿಕಾರಿ, ನಾನು ಆಡೋದು ಪೂಲ್. ಆದರೆ ಬಿಟ್ಟಿ ಕೋಲು ಪಡೆಯೋನು ವಾದ ಮಾಡಬಾರದು.

ಸ್ಯಾಂಪಲ್ ತುಂಡು ಕನ್ನಡಿ ಹಾಗೆ ಹೊಳೆಯಿತು. ನಾನು ಪಾರ್ಲರಿಗೆ ಒಯ್ದೆ. ಅಲ್ಲಿ ಕೌಂಟರಿನ ಮೇಲೆ ಸ್ಯಾನಿಟೈಸರ್ ಬಾಟಲಿ ಇರುತ್ತೆ, ಒಳಗೆ ಹೋಗುವಾಗ ಎಲ್ಲರೂ ಕೈಗೆ ಹಾಕ್ಕೋತಾರೆ. ಅದರ ತುಂಬ ಆಲ್ಕೋಹಾಲು. ಅರಗು ಕರಗೋದೂ ಅದರಲ್ಲೇ. ಐದು ನಿಮಿಷದಲ್ಲಿ ತುಂಡಿನ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಗೆರೆಗೆರೆಯಾಗಿ ಮೂಡಿತ್ತು. ಆಧಾರ್‌ ಕಾರ್ಡಿಗೆ ಕೊಟ್ಟಾಗಲೂ ಅಷ್ಟು ಚೆನ್ನಾಗಿ ಬಿದ್ದಿರಲಿಲ್ಲ.

ಆಮೇಲೆ ಭಾವನ ಕ್ರಿಕೆಟ್ ಗೆಳೆಯರೊಬ್ಬರು ಅಗಸೆ ಎಣ್ಣೆ ಅಂದರು. ಬ್ಯಾಟಿಗೂ ಅದೇ, ಹಳೇ ಸ್ನೂಕರ್ ಕೋಲಿಗೂ ಅದೇ. ಮಾತು ನಿಜ. ಅಗಸೆ ಎಣ್ಣೆ ಗಾಳಿ ಹೀರಿ ಮರದೊಳಗೇ ಗಟ್ಟಿಯಾಗುತ್ತೆ. ಅದು ಹಾಗೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತೆ, ಒರೆಸಿದ ಬಟ್ಟೆಯನ್ನು ಮುದುರಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಇದೂ ನಿಜ. ಇದನ್ನು ಭಾವ ರಾತ್ರಿ ಹನ್ನೊಂದು ಗಂಟೆಗೆ ಮೊಬೈಲಿನಲ್ಲಿ ಓದಿದರು. ಎದ್ದು ಓಡಿ ಶೆಡ್ಡಿನ ಚಿಂದಿಯನ್ನೆಲ್ಲ ಬಾಚಿ, ಬಚ್ಚಲಿನಲ್ಲಿ ಸಿಕ್ಕಿದ ಬಕೆಟ್ಟಿನಲ್ಲಿ ಮುಳುಗಿಸಿದರು. ಅದು ಅವರ ತಾಯಿ ಬೆಳಗಿನ ಸ್ನಾನಕ್ಕೆ ಅಂತ ತುಂಬಿಸಿಟ್ಟ ಬಕೆಟ್ಟು. ಮನೆಗೆ ಬೆಂಕಿ ಬೀಳಲಿಲ್ಲ ನಿಜ, ಬೆಳಿಗ್ಗೆ ಐದಕ್ಕೆ ಬೇರೆ ಥರ ಬೆಂಕಿ ಬಿತ್ತು.

ಮುಂದಿನದು ಪಾಲಿಯುರೆಥೇನ್ ವಾರ್ನಿಷ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂಥದು, ಬ್ರಶ್ಶಿನಲ್ಲಿ ಬಳಿಯೋದು. ಇದು ದಪ್ಪ, ನಿಧಾನಕ್ಕೆ ಒಣಗುತ್ತೆ. ಅಲ್ಲಿವರೆಗೆ ಕೋಲು ಮೆಲ್ಲಗೆ ತಿರುಗುತ್ತಲೇ ಇರಬೇಕು, ಇಲ್ಲದಿದ್ದರೆ ಎಲ್ಲ ಕೆಳಗಡೆಗೆ ಇಳಿದು ಹೊಟ್ಟೆ ಕಟ್ಟುತ್ತೆ. ಭಾವ ಅದಕ್ಕೊಂದು ಸಣ್ಣ ಮೋಟಾರು ಕೂಡಿಸಿದ್ದರು. ಬಳಿದು ಕೈ ತೊಳೆಯೋಷ್ಟರಲ್ಲಿ ಕರೆಂಟು ಹೋಯಿತು.

"ತಿರುಗಿಸ್ರೋ! ತಿರುಗಿಸ್ರೋ!"

ನಾನು, ಅಕ್ಕ, ಪಕ್ಕದ ಮನೆ ಹುಡುಗ ಸರದಿ ಮೇಲೆ ಕೂತು, ಮೊಬೈಲ್ ಟಾರ್ಚಿನ ಬೆಳಕಲ್ಲಿ, ಕೆಂಡದ ಮೇಲೆ ಮುಸುಕಿನ ಜೋಳ ಸುಡುವವರ ಹಾಗೆ ಕೋಲು ತಿರುಗಿಸಿದೆವು. ಟಾರ್ಚಿನ ಬೆಳಕಿಗೆ ಹುಳಗಳು ಬಂದವು. ಬಂದವು, ಕೂತವು, ಮತ್ತೆ ಏಳಲಿಲ್ಲ. ಒಂದು ಸೊಳ್ಳೆ ಜಾಯಿಂಟಿನ ಹತ್ತಿರ ಆರೂ ಕಾಲು ಚಾಚಿ ಅಂಗಾತ ಮಲಗಿತ್ತು. "ಒಣಗಿದಮೇಲೆ ಉಜ್ಜಿದರೆ ಹೋಗುತ್ತೆ" ಅಂದರು ಭಾವ. "ಯಾರ ರಕ್ತ ಕುಡಿದಿತ್ತೋ, ಇರಲಿ ಬಿಡಿ" ಅಂದಳು ಅಕ್ಕ.

ಆದರೆ ಒಣಗಲೇ ಇಲ್ಲ. ಮುಂದಿನ ಅರ್ಧ ಒಣಗಿತು, ಹಿಂದಿನ ಅರ್ಧ ಬೆಲ್ಲದ ಪಾಕ. ಭಾವ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಹೋಗಿ ಬೆರಳಿಟ್ಟು ನೋಡಿ ಬರೋರು. ತಪ್ಪು ವಾರ್ನಿಷ್ಷಿನದಲ್ಲ, ಬೀಟೆಯದು. ಬೀಟೆ ಜಾತಿಯ ಮರದೊಳಗೇ ಒಂಥರಾ ಎಣ್ಣೆ ಅಂಶ ಇರುತ್ತೆ, ಅದು ಇಂಥ ವಾರ್ನಿಷ್ ಗಟ್ಟಿಯಾಗೋದಕ್ಕೆ ಬಿಡಲ್ಲ. ಪರಿಹಾರ ಏನು ಗೊತ್ತಾ? ಮೇಣ ತೆಗೆದ ಅರಗಿನ ತೆಳು ಕೋಟು ಮೊದಲು ಹೊಡೆದು, ಮೇಲಿಂದ ಬೇರೆಯದು ಹೊಡೆಯೋದು. ಇಂಥ ಅರಗಿಗೆ ಹೆಚ್ಚುಕಮ್ಮಿ ಏನು ಬೇಕಾದರೂ ಅಂಟುತ್ತೆ, ಅರಗೂ ಹೆಚ್ಚುಕಮ್ಮಿ ಯಾವುದಕ್ಕೆ ಬೇಕಾದರೂ ಅಂಟುತ್ತೆ. ಬಡಗಿಯವರು ಇದನ್ನು ಕೇಳಿ, ನಾನು ಹೇಳಿರಲಿಲ್ವಾ ಅಂತ ಒಂದು ಕಾಫಿ ಜಾಸ್ತಿ ಕುಡಿದು ಹೋದರು.

ಎಲ್ಲ ಕೆರೆದು ತೆಗೆದದ್ದಾಯಿತು. ಅಷ್ಟರಲ್ಲಿ ಜುಲೈ. ನಡುವೆ ಬೇಗ ಒಣಗೋ ಲ್ಯಾಕರ್ ಅಂತ ಒಂದು ಪ್ರಯೋಗ ಆಯಿತು. ಮಳೆಯ ತೇವಕ್ಕೆ ಅದು ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಅದರ ಬಗ್ಗೆ ಹೆಚ್ಚು ಮಾತಾಡೋದು ಬೇಡ.

ಕೊನೆಗೆ ಹಿಂದಿನ ಬೀದಿಯ ಕಾರು ಪೇಂಟಿಂಗ್ ಗ್ಯಾರೇಜು. ಕಾರಿಗೆ ಹೊಡೆಯೋ ಟೂ-ಕೆ, ಅಂದರೆ ಎರಡು ಭಾಗ ಬೆರೆಸೋ ಕ್ಲಿಯರ್ ಕೋಟು, ಹಾರ್ಡನರ್ ಬೆರೆಸಿದಮೇಲೆ ಡಬ್ಬಿಯಲ್ಲೇ ಗಟ್ಟಿಯಾಗೋಕೆ ಶುರು. ಬಿಸಿಲು, ಮಳೆ, ಸ್ಪಿರಿಟ್ಟು, ಬೆವರು, ಬೇಗ ಯಾವುದಕ್ಕೂ ಜಗ್ಗಲ್ಲ. ಒಳ್ಳೆ ಪೂಲ್ ಕೋಲು ಮಾಡುವ ಎಷ್ಟೋ ಜನ ಹಿಡಿಕೆಗೆ ಬಳಸೋದು ಇದನ್ನೇ. ಮನೆಯಲ್ಲೇ ಸ್ಪ್ರೇ ಮಾಡ್ತೀನಿ ಅಂತ ಭಾವ ಕೊರೊನಾ ಕಾಲದ ಮಾಸ್ಕು ಹುಡುಕಿದರು. ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತೆ, ಉಸಿರಿಗೆ ಹೋದರೆ ಅಸ್ತಮಾ ಬರಬಹುದು, ಬಟ್ಟೆ ಮಾಸ್ಕು ಅದನ್ನು ತಡೆಯಲ್ಲ. ಗ್ಯಾರೇಜಿನ ಹುಡುಗನೇ ಇದನ್ನು ಹೇಳಿ ಕೋಲು ಕಸಿದುಕೊಂಡ. ಅವನಿಗೆ ಪುಣ್ಯ ಬರಲಿ.

ಕಳಿಸೋ ಮುಂಚೆ ಅಕ್ಕ ಪ್ರೀತಿಯಿಂದ ಡೈನಿಂಗ್ ಟೇಬಲ್ ಹೊಳೆಸೋ ಸ್ಪ್ರೇ ಹಾಕಿ ಕೋಲನ್ನು ಒರೆಸಿ ಕೊಟ್ಟಿದ್ದಳು. ಅದರಲ್ಲಿ ಸಿಲಿಕೋನ್. ಪೇಂಟಿಗೂ ಸಿಲಿಕೋನಿಗೂ ಎಣ್ಣೆ ಸೀಗೇಕಾಯಿ. ಕ್ಲಿಯರ್ ಕೋಟು ಅಲ್ಲಲ್ಲಿ ಹಿಂದೆ ಸರಿದು ಸಣ್ಣ ಸಣ್ಣ ಗುಂಡಿ ಬಿದ್ದವು. ಗ್ಯಾರೇಜಿನವರು ಅದಕ್ಕೆ ಫಿಶ್ ಐ ಅಂತಾರೆ. ಕೋಲಿನ ತುಂಬ ಮೀನಿನ ಕಣ್ಣು, ಎಲ್ಲ ಅಕ್ಕನ ಕಡೆಗೇ ನೋಡ್ತಾ ಇದ್ದವು.

ಮತ್ತೆ ಉಜ್ಜಿ, ಮತ್ತೆ ಹೊಡೆಸಿದರು. ಈ ಸಲ ಹುಡುಗ ತುಂಬ ಶ್ರದ್ಧೆಯಿಂದ ಮಾಡಿದ್ದ. ಹಿಡಿಕೆ, ಮುಂದಿನ ಕಡ್ಡಿ, ತುದಿಗೆ ಅಂಟಿಸಿದ ಚರ್ಮದ ಬಿಲ್ಲೆ, ಒಂದನ್ನೂ ಬಿಟ್ಟಿರಲಿಲ್ಲ. ಅಂಥ ಹೊಳಪಿನ ಕೋಲು ನಾನು ನೋಡಿಲ್ಲ. ಪಾರ್ಲರಿನಲ್ಲಿ ನಾಲ್ಕು ಜನ ಸುತ್ತ ನಿಂತು ಮುಟ್ಟಿ ನೋಡಿದರು. ಆಡೋಕೆ ನಿಂತರೆ ಬೆವರಿದ ಎಡಗೈ ಮೇಲೆ ಕಡ್ಡಿ ಜಾರೋದೇ ಇಲ್ಲ, ಕಿರ್ ಅಂತ ಕಚ್ಚಿಕೊಳ್ಳುತ್ತೆ. ಪೌಡರ್ ಹಾಕಿದೆ, ಪೇಸ್ಟಾಯಿತು. ಚರ್ಮದ ತುದಿಗೆ ಚಾಕ್ ಹತ್ತಲ್ಲ, ಚೆಂಡು ಹಿಡಿಯಲ್ಲ. ಹೊಡೆದೆ. ಬಿಳಿ ಚೆಂಡು ಟೇಬಲ್ ಬಿಟ್ಟು ಪಕ್ಕದವನ ಟೀ ಕಪ್ಪಿಗೆ ಬಿತ್ತು.

ಅಷ್ಟು ದಿನ ಎಲ್ಲರೂ ಯಾವುದು ಗಟ್ಟಿ ಅಂತಲೇ ಕೇಳ್ತಿದ್ದರು. ಯಾವ ಜಾಗಕ್ಕೆ ಅಂತ ಯಾರೂ ಕೇಳಿರಲಿಲ್ಲ. ಹಿಡಿಕೆಗೆ ಬೇಕಾದ್ದು ಕಾರಿನ ಚರ್ಮ, ಕಡ್ಡಿಗೆ ಬೇಕಾದ್ದು ಬೋಳು ಮರದ ನುಣುಪು. ಭಾವ ಕಡ್ಡಿಯನ್ನು ಮತ್ತೆ ಲೇಥಿಗೆ ಏರಿಸಿ, 400, 600, 1000 ನಂಬರಿನ ಕಾಗದದಲ್ಲಿ ಉಜ್ಜಿ, ತೆಳ್ಳಗೆ ಸೀಲರ್ ಸವರಿ ಒರೆಸಿ, ಚೂರು ಮೇಣ ಹಾಕಿ ಚರ್ಮದ ತುಂಡಿನಲ್ಲಿ ತಿಕ್ಕಿದರು. ತುದಿಗೆ ಹೊಸ ಬಿಲ್ಲೆ ಅಂಟಿಸಿದರು. ಈಗ ಕಡ್ಡಿ ಬೆರಳ ಮೇಲೆ ರೇಷ್ಮೆ. ವರ್ಷಕ್ಕೆ ಎರಡು ಮೂರು ಸಲ ಮತ್ತೆ ಮೇಣ ತಿಕ್ಕಬೇಕು. ಮೊಮ್ಮಕ್ಕಳ ಕಾಲದ ಮಾತು ಯಾರೂ ಎತ್ತೋದಿಲ್ಲ.

ಕೋಲನ್ನು ಅಕ್ಕನ ಮನೆಯ ನಡುಮನೆ ಮೂಲೆಯಲ್ಲಿ ಒರಗಿಸಿದ್ದೆ. ಮರುದಿನ ಬೆಳಿಗ್ಗೆ ತಗೊಳ್ಳೋಕೆ ಹೋದರೆ ಅಲ್ಲಿಲ್ಲ. ಹಿತ್ತಿಲಲ್ಲಿ ಭಾವನ ತಾಯಿ ಅದೇ ಕೋಲಿನಿಂದ ಮೇಲಿನ ಗಳುವಿನ ಮೇಲೆ ಮಡಿ ಸೀರೆ ಹರವುತ್ತಿದ್ದಾರೆ. ಹಳೇ ಮಡಿಕೋಲು ಸೀಳು ಬಿಟ್ಟಿತ್ತಂತೆ.

"ಎಷ್ಟು ನಯವಾಗಿದೆಯೋ! ಸೀರೆ ಎಲ್ಲೂ ಸಿಕ್ಕಿಕೊಳ್ಳೋದೇ ಇಲ್ಲ. ಇದನ್ನ ಇಲ್ಲೇ ಬಿಡು, ಅವನಿಗೆ ಇನ್ನೊಂದು ಮಾಡಿಕೊಡು" ಅಂತ ಮಗನಿಗೆ ಹೇಳಿ, ತುದಿಯನ್ನು ಕಣ್ಣ ಹತ್ತಿರ ತಂದು ಬೆರಳಿನಿಂದ ಒತ್ತಿ ನೋಡಿದರು. "ಇದೇನೋ ಇಲ್ಲಿ ಮೆತ್ತಗೆ ಅಂಟಿಸಿದ್ದೀಯ?"

ಭಾವ ನನ್ನ ಮುಖ ನೋಡಿದರು. ನಾನು ತುಳಸಿಕಟ್ಟೆ ನೋಡಿದೆ.

"ರಬ್ಬರ್ ಅಮ್ಮಾ" ಅಂದರು ಭಾವ.