ದೋಣಿಗೆ ಮೈಲೇಜ್ ಎಷ್ಟು?

ಬರ್ಮಿಂಗ್‌ಹ್ಯಾಮ್‌ನಲ್ಲಿ ಶನಿವಾರ ಬಿಸಿಲು ಬಿದ್ದರೆ ಮನೆಯಲ್ಲಿ ಯಾರೂ ಕೂರಲ್ಲ. ನಾವೂ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿಕೊಂಡು ಕಾಲುವೆ ದೋಣಿಗಳು ನಿಲ್ಲುವ ಗ್ಯಾಸ್ ಸ್ಟ್ರೀಟ್ ಬೇಸಿನ್‌ಗೆ ಹೊರಟೆವು. ಅಲ್ಲಿ ನಮ್ಮದೊಂದು ಹಳೇ ನ್ಯಾರೋಬೋಟ್ ಇದೆ. ಉದ್ದ ಐವತ್ತು ಅಡಿ, ಅಗಲ ಮಾತ್ರ ಆರಡಿ ಹತ್ತಿಂಚು. ಮಕ್ಕಳು ಪ್ರೈಮರಿಯಲ್ಲಿದ್ದಾಗ ಕೊಂಡಿದ್ದು. ಅವರಿಬ್ಬರೂ ಈಗ ದುಡಿಯುತ್ತಿದ್ದಾರೆ, ದೋಣಿ ಮಾತ್ರ ಇನ್ನೂ ನಮ್ಮ ದುಡ್ಡಲ್ಲೇ ಬದುಕುತ್ತಿದೆ. ನಿಲ್ಲಿಸೋಕೆ ಬಾಡಿಗೆ, ಲೈಸೆನ್ಸು, ಇನ್ಶೂರೆನ್ಸು, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ತಪಾಸಣೆ. ನಡುವೆ ನೀರಿಂದ ಎತ್ತಿಸಿ ತಳಕ್ಕೆ ಕಪ್ಪು ಬಳಿಸೋದು ಬೇರೆ.

ಎಜ್‌ಬಾಸ್ಟನ್ ಕಡೆ ನಿಧಾನಕ್ಕೆ ಒಂದು ಗಂಟೆ ಹೋಗಿ, ಮರದ ನೆರಳಲ್ಲಿ ಊಟ ಮಾಡೋಣ ಅಂತ ನನ್ನ ಲೆಕ್ಕ. ನಮ್ಮ ಯಜಮಾನರು ಹಗ್ಗ ಬಿಚ್ಚಿದರು. ಅಷ್ಟರಲ್ಲಿ ದಡದಲ್ಲಿ ಒಬ್ಬರು ನಿಂತು, "ಚಳಿಗಾಲದಲ್ಲಿ ಒಳಗೆ ಚಳಿ ಆಗಲ್ವಾ?" ಅಂದರು. ಇವರು ಹಗ್ಗ ವಾಪಸ್ ಕಟ್ಟಿದರು.

ಚಳಿಯ ಪ್ರಶ್ನೆಗೆ ಒಲೆ ತೋರಿಸಿದರೆ ಸಾಕು. ಇವರು ಹಾಗಲ್ಲ. ಎದುರಿನ ಕಲ್ಲುಕಟ್ಟೆ ತೋರಿಸಿ ಅದರ ಕಥೆ ಶುರು ಮಾಡುತ್ತಾರೆ. ಅದರ ಹೆಸರು ವೂಸ್ಟರ್ ಬಾರ್, ಅಗಲ ಏಳಡಿ ಚಿಲ್ಲರೆ. ವೂಸ್ಟರ್ ಕಡೆಗೆ ಹೊಸ ಕಾಲುವೆ ತೋಡಿದಾಗ, ನಮ್ಮ ನೀರು ಅವರ ಕಡೆ ಹರಿದುಹೋಗುತ್ತೆ ಅಂತ ಹಳೇ ಬರ್ಮಿಂಗ್‌ಹ್ಯಾಮ್ ಕಾಲುವೆಯ ಕಂಪನಿ ಹಟ ಹಿಡಿದು ನಡುವೆ ಕಟ್ಟೆ ಉಳಿಸಿತಂತೆ. ಒಂದು ಕಡೆಯ ದೋಣಿಯ ಸರಕನ್ನು ಇನ್ನೊಂದು ಕಡೆಯ ದೋಣಿಗೆ ಕೈಯಲ್ಲೇ ಸಾಗಿಸಬೇಕು. 1815ರಲ್ಲಿ ಒಂದು ಲಾಕ್, ಅಂದರೆ ನೀರು ತುಂಬಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲಿನ ತೊಟ್ಟಿ, ಕಟ್ಟಿ ದಾರಿ ಬಿಡುವ ತನಕ ಇದೇ ಪಾಡು.

ಇಷ್ಟು ಹೇಳೋಕೆ ಒಂದು ನಿಮಿಷ ಜಾಸ್ತಿ. ಆದರೆ ಇವರು ಮೂಟೆ ಹೊತ್ತು ತೋರಿಸಬೇಕು. ಬಗ್ಗಿ, ಕಾಣದ ಮೂಟೆಯನ್ನು ಹೆಗಲಿಗೇರಿಸಿ, ಏಳಡಿ ತೂರಾಡುತ್ತಾ ನಡೆದು, ಇಳಿಸಿ, "ಉಸ್ಸಪ್ಪಾ" ಅಂತ ಸೊಂಟ ಹಿಡಿದುಕೊಳ್ಳುತ್ತಾರೆ. ಕಾರಿಂದ ಅಕ್ಕಿ ಚೀಲ ಇಳಿಸುವಾಗ ಮಾತ್ರ ಅದೇ ಸೊಂಟ ಬಗ್ಗಲ್ಲ. ಜನ ನಗುತ್ತಾರೆ, ಇನ್ನೂ ನಾಲ್ಕು ಜನ ಸೇರುತ್ತಾರೆ, ತಡವಾಗಿ ಬಂದವರಿಗೆ ಮೂಟೆ ಮತ್ತೆ ಮೊದಲಿಂದ ಏಳುತ್ತೆ. ಪಬ್ಬಿನ ಬೆಂಚಿನಿಂದ ಒಬ್ಬ ಚಪ್ಪಾಳೆ ಬೇರೆ ಹೊಡೆದ. ಒಳಗೆ ಚಿತ್ರಾನ್ನದ ಕಡಲೆಬೀಜ ಮೆತ್ತಗಾಗುತ್ತಿತ್ತು.

ಮಧ್ಯಾಹ್ನ ಸ್ವೆಟರು, ಮಫ್ಲರು ಸಮೇತ ಒಂದು ಕುಟುಂಬ ಬಂತು. ಬಿಸಿಲಿಗೆ ಇಡೀ ಊರು ಬನಿಯನ್‌ನಲ್ಲಿತ್ತು. ನೋಡಿದ ತಕ್ಷಣ ನಮ್ಮವರೇ ಅಂತ ಗೊತ್ತಾಯಿತು. ಮಗನ ಮನೆಗೆ ಬಂದಿದ್ದ ಮಂಡ್ಯದ ಹಿರಿಯರು.

"ನಾಲೇಲಿ ದೋಣಿ ಬುಟ್ಟವ್ರಲ್ಲ! ಎಷ್ಟು ಕೊಡ್ತದೆ ಸಾರ್?"

"ಗಂಟೆಗೆ ಒಂದೂವರೆ ಲೀಟರ್ ಕುಡಿಯುತ್ತೆ."

"ಸ್ಪೀಡು?"

"ನಾಲ್ಕು ಮೈಲಿ ಮೀರೋ ಹಾಗಿಲ್ಲ."

ಅವರು ದೋಣಿಯನ್ನೂ ನಮ್ಮನ್ನೂ ಒಮ್ಮೆ ನೋಡಿದರು. "ನಡ್ಕೊಂಡೇ ಓಗಬೌದಲ್ಲ!" ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದ ಮಾತು. ಆದರೆ ಕಟ್ಟೆಯ ಕಥೆ ಕೇಳಿದ್ದೇ ಅವರ ಮುಖ ಅರಳಿತು. "ಇವ್ರಿಗೂ ನೀರಿನ ಜಗಳವಾ!" ಕೆ.ಆರ್.ಎಸ್. ಮಟ್ಟ, ಟ್ರಿಬ್ಯುನಲ್, ಸುಪ್ರೀಂ ಕೋರ್ಟು ಎಲ್ಲಾ ಬಂತು. ನಮ್ಮ ಯಜಮಾನರಿಗೆ ಬಾಯಿ ತೆರೆಯೋಕೆ ಸಂದು ಸಿಗಲಿಲ್ಲ. ಚಿತ್ರಾನ್ನ ಬಡಿಸಿಬಿಟ್ಟೆ.

ಅವರ ಮೊಮ್ಮಗಳು ಲಾಕ್‌ಗೆ ನೀರು ಬಿಡೋಕೆ ತಿರುಗಿಸುವ ಕಬ್ಬಿಣದ ಹಿಡಿಯನ್ನು ಎತ್ತಿಕೊಂಡು ಕೂತಿದ್ದಳು. ಅದೇ ವೂಸ್ಟರ್ ಕಾಲುವೆಯ ಟಾರ್ಡೆಬಿಗ್‌ನಲ್ಲಿ ಸಾಲಾಗಿ ಮೂವತ್ತು ಲಾಕ್‌ಗಳಿವೆ. ಮಳೆಯಲ್ಲಿ ಅಷ್ಟನ್ನೂ ನಮ್ಮಿಬ್ಬರು ಮಕ್ಕಳು ಅದೇ ಹಿಡಿ ಹಿಡಿದು, ಬೈದುಕೊಂಡೇ ದಾಟಿಸಿದ್ದರು. ಈಗ ದೋಣಿ ಮಾರೋಣ ಅಂದರೆ ಇಬ್ಬರೂ ಫೋನಲ್ಲೇ ಕಿರುಚುತ್ತಾರೆ. ನೋಡೋಕೆ ಮಾತ್ರ ಬರಲ್ಲ.

ಊಟ ಮುಗಿದ ಮೇಲೆ ಹಿರಿಯರು ಮೆಲ್ಲಗೆ, "ಒಳಗೆ ಬಾತ್‌ರೂಮ್ ಅದಾ ತಾಯಿ?" ಅಂದರು. ಇದೆ. ಆರು ಜನರೂ ಸರದಿಯಲ್ಲಿ ಹೋಗಿಬಂದರು. ದೋಣಿಯ ಟಾಯ್ಲೆಟ್ಟಿನ ಕೆಳಗೆ ಒಂದು ಡಬ್ಬ ಇರುತ್ತೆ. ತುಂಬಿದರೆ ಎಳೆದುಕೊಂಡು ಹೋಗಿ ಸುರಿದು, ತೊಳೆದು ತರಬೇಕು. ಮನೆಯ ಅತಿಥಿಗಳು ನನ್ನ ಪಾಲು, ದೋಣಿಯ ಅತಿಥಿಗಳು ಇವರ ಪಾಲು ಅಂತ ಎಂದೋ ಒಪ್ಪಂದವಾಗಿದೆ.

ಸಂಜೆ ಆ ಡಬ್ಬ ಎಳೆದುಕೊಂಡು ಹೊರಟರು. ಕ್ಯಾಮೆರಾದವನೊಬ್ಬ ತಡೆದು, ಆ ಕಲ್ಲುಕಟ್ಟೆ ಏನು ಅಂತ ಕೇಳಿದ.

"ಬೋರ್ಡ್ ಇದೆ, ಓದಿ," ಅಂದರು ನಮ್ಮ ಯಜಮಾನರು.