ಬಿಗಿಯಾಗಿ ಕಟ್ಟಿದ ಬಟ್ಟೆ

ಧಾರವಾಡದಲ್ಲಿ ಚಿತ್ರ ಬರೆಯುವವನನ್ನು ಕಂಡು ಯಾರೂ ಬೆರಗಾಗುವುದಿಲ್ಲ. ಡಿ.ವಿ. ಹಾಲಭಾವಿಯವರು ಚಿತ್ರಕಲಾ ಶಾಲೆ ಕಟ್ಟಿದ ಊರು ಇದು. ಓಣಿಗಿಬ್ಬರು ಕವಿಗಳಿರುವಲ್ಲಿ ಚಿತ್ರಕಾರನೊಬ್ಬ ಇದ್ದರೆ ಯಾರಿಗೂ ಅಡ್ಡಿಯಿಲ್ಲ. ಆದರೆ ಕುಂಚ ಹಿಡಿಯುವ ಮೊದಲು ನಾಲ್ಕೈದು ದಿನ ಅವನು ಬಡಗಿಯಾಗಿ, ಅಡುಗೆಯವನಾಗಿ, ಸುಣ್ಣ ಬಳಿಯುವವನಾಗಿ ದುಡಿಯಬೇಕೆಂಬುದನ್ನು ನಮ್ಮ ಮನೆಯವರಿಗೆ ಇಪ್ಪತ್ತು ವರ್ಷಗಳಿಂದಲೂ ಮನವರಿಕೆ ಮಾಡಿಕೊಡಲು ನನ್ನಿಂದ ಆಗಿಲ್ಲ.

ಈ ಬೇಸಿಗೆಯಲ್ಲಿ ಸಾಧನಕೇರಿಯ ಸಂಜೆಯನ್ನು ತೈಲವರ್ಣದಲ್ಲಿ ಬರೆಯುವುದೆಂದು ನಿಶ್ಚಯಿಸಿದೆ. ಅಂಗಡಿಯಲ್ಲಿ ಸಿದ್ಧ ಕ್ಯಾನ್ವಾಸ್ ಸಿಗುತ್ತದೆ. ಕೊಂಡು ತಂದಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ. ನಾನು ಹಳೆಯ ಪದ್ಧತಿಯವನೆಂಬ ಹಮ್ಮಿನಿಂದ ದಪ್ಪ ಹತ್ತಿ ಬಟ್ಟೆ ತಂದು, ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದದ ಕಟ್ಟಿಗೆಯ ಚೌಕಟ್ಟಿಗೆ ಬಿಗಿಯಲು ಕುಳಿತೆ. ಮೊದಲು ನಾಲ್ಕೂ ಬದಿಯ ನಡುವೆ ಒಂದೊಂದು ಮೊಳೆ ಹೊಡೆದು, ಆಮೇಲೆ ಎದುರುಬದುರಾಗಿ ಎಳೆಯುತ್ತ ಮೂಲೆಗಳ ಕಡೆಗೆ ಸಾಗಬೇಕು. ಒಂದೇ ತುದಿಯಿಂದ ಹೊರಟರೆ ಬಟ್ಟೆ ಓರೆಯಾಗಿ ನೆರಿಗೆ ಬೀಳುತ್ತದೆ. ಮೂವತ್ತೆರಡು ಮೊಳೆಗಳಲ್ಲಿ ಮೂವತ್ತು ಕಟ್ಟಿಗೆಗೆ ಇಳಿದವು. ಉಳಿದೆರಡರ ಪೆಟ್ಟು ನನ್ನ ಹೆಬ್ಬೆರಳಿಗೆ ಸಂದಿತು.

ಬಿಗಿದ ಬಟ್ಟೆಯ ಮೇಲೆ ನೇರವಾಗಿ ತೈಲವರ್ಣ ಹಚ್ಚುವಂತಿಲ್ಲ. ಬಣ್ಣದಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುವಾಗ ಹತ್ತಿಯ ಎಳೆಯನ್ನು ಕ್ರಮೇಣ ಜೀರ್ಣಗೊಳಿಸುತ್ತದೆ. ಆದ್ದರಿಂದ ಬಟ್ಟೆಗೂ ಬಣ್ಣಕ್ಕೂ ನಡುವೆ ಅಂಟಿನ ಒಂದು ಲೇಪ ಬೇಕು. ಇದನ್ನು ಹೆಂಡತಿಗೆ ವಿವರಿಸಿದಾಗ ಆಕೆ, "ದಿನಾ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ತಿಂತೀರಿ. ನಿಮ್ಮ ಹೊಟ್ಟಿ ಆ ಅರಿವಿಗಿಂತ ಗಟ್ಟಿ ಅದ ಏನ್ರಿ?" ಎಂದು ಕೇಳಿದಳು. ಉತ್ತರ ಇಂದಿಗೂ ಹೊಳೆದಿಲ್ಲ.

ಆ ಅಂಟೇ ನನ್ನ ಪಾಪದ ಮೂಲ. ಹಿಂದಿನ ಚಿತ್ರಕಾರರು ಬಳಸುತ್ತಿದ್ದುದು ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಸರೆಸು. ಒಂದು ಭಾಗ ಸರೆಸನ್ನು ಹತ್ತು ಭಾಗ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಮೆಲ್ಲಗೆ ಕರಗಿಸಬೇಕು. ಕುದಿಸಿದರೆ ಅದರ ಹಿಡಿತ ಸಡಿಲವಾಗುತ್ತದೆ. ಈ ಕೆಲಸವನ್ನು ನಾನು ಮಾಡಿದ್ದು ಉಳ್ಳಾಗಡ್ಡಿಯೂ ಮಡಿವಂತಿಕೆಯಿಂದಲೇ ಒಳಬರುವ ನಮ್ಮ ಅಡುಗೆಮನೆಯಲ್ಲಿ. ವಾಸನೆಗೆ ಮೂಗು ಮುಚ್ಚಿಕೊಂಡು ಬಂದ ಅವ್ವ, "ಏನೋ ಅದು?" ಎಂದಳು. "ಗಿಡದ ಅಂಟು, ಅವ್ವಾ" ಎಂದುಬಿಟ್ಟೆ.

ಲೇಪ ಹಚ್ಚಿದ ಕ್ಯಾನ್ವಾಸನ್ನು ಒಣಗಲೆಂದು ಮಾಳಿಗೆಯ ಮೇಲಿಟ್ಟು, ಮುಂದಿನ ಬಿಳಿ ಅಸ್ತರಕ್ಕೆ ಸೀಮೆಸುಣ್ಣದ ಪುಡಿ ತರಲು ಹುಬ್ಬಳ್ಳಿಗೆ ಹೋದೆ. ಸಂಜೆ ಬಂದು ನೋಡಿದರೆ ಸಾಧನಕೇರಿಯ ನೀರು ಇರಬೇಕಾದ ಜಾಗದಲ್ಲಿ ಆರು ಸಾಲು, ಸಾಲಿಗೆ ಎಂಟರಂತೆ ನಲವತ್ತೆಂಟು ಸಾಬೂದಾಣಿ ಸಂಡಿಗೆಗಳು ಬಿಸಿಲು ಕಾಯಿಸುತ್ತಿದ್ದವು.

"ಎಷ್ಟ ಛಂದ ಬಿಗಿದೀಯೋ! ಹಳೇ ಧೋತರದ ಮ್ಯಾಲೆ ಹಾಕಿದ್ರ ನಡುವ ಜೋಲು ಬಿದ್ದು ಎಲ್ಲಾ ಒಂದಕ್ಕೊಂದು ಕೂಡತಿದ್ವು," ಎಂದು ಅವ್ವ ಮೆಚ್ಚಿದಳು. ಹರಟೆ ಹೊಡೆಯಲು ಬಂದಿದ್ದ ನೆರೆಮನೆಯ ಕಾಕೂ ಕೂಡ ನನ್ನ ಕೈಕೆಲಸವನ್ನು ಹೊಗಳಿದರು. ನನ್ನ ಯಾವ ಚಿತ್ರಕ್ಕೂ ಇಷ್ಟು ಪ್ರಶಂಸೆ ಸಂದಿದ್ದಿಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕು.

ಮರುದಿನ ಸಂಡಿಗೆ ಬಿಡಿಸುವ ಶಾಸ್ತ್ರ ನಡೆಯಿತು. ಬಟ್ಟೆಯ ಬೆನ್ನಿಗೆ ನೀರು ಚಿಮುಕಿಸಿದರೆ ಸಂಡಿಗೆ ಮುರಿಯದೆ ಏಳುತ್ತದೆ. ಸರೆಸು ಕೂಡ ಹಾಗೆಯೇ ನೀರು ಕುಡಿದು ಮೆತ್ತಗಾಗಿ ಏಳುತ್ತದೆ. ನಾಲ್ಕು ದಿನದ ನನ್ನ ಶ್ರಮವೆಲ್ಲ ಸಂಡಿಗೆಯ ತಳಕ್ಕೆ ಅಂಟಿಕೊಂಡು ಡಬ್ಬಿ ಸೇರಿತು. "ಅವ್ವಾ, ಅದನ್ನ ತಿನ್ನೂದು ಬ್ಯಾಡ, ಅಂಟು ಹಚ್ಚೇನಿ," ಎಂದೆ. "ಗಿಡದ ಅಂಟಲ್ಲೇನೋ? ಅಂಟಿನ ಉಂಡಿ ತಿಂದ ಬೆಳೆದಾಂವ ನೀ. ಬಾಣಂತಿಗೆ ಕೊಡೂದ ಅದು," ಎಂದು ಅವ್ವ ನಕ್ಕಳು.

ನಿಜ ಹೇಳಿದರೆ ಅಡುಗೆಮನೆಯ ಪಾತ್ರೆಗಳಿಂದ ಹಿಡಿದು ಒಲೆಯವರೆಗೆ ಎಲ್ಲವನ್ನೂ ತೊಳೆಯಬೇಕಾಗುತ್ತಿತ್ತು, ಬಹುಶಃ ನನ್ನನ್ನೂ. ಹೇಳದಿದ್ದರೆ ಎಪ್ಪತ್ತೆರಡು ವರ್ಷದ ಆಕೆಯ ನೇಮಕ್ಕೆ ನನ್ನ ಕೈಯಾರೆ ಭಂಗ. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ನೀರು ಕುಡಿಯಲು ಎದ್ದೆ. ಕತ್ತಲಲ್ಲಿ ಕೈ ತಾಗಿ ಡಬ್ಬಿ ಮುಸುರೆಯ ಬಕೆಟ್ಟಿನೊಳಗೆ ಬಿದ್ದಿತು. ಮುಚ್ಚಳ ಹೇಗೆ ತೆರೆದಿತ್ತೆಂದು ಹೆಂಡತಿ ಕೇಳಿದಳು. ಆಕೆಗೆ ಇಂಥ ಪ್ರಶ್ನೆಗಳು ಹೊಳೆಯುತ್ತವೆ.

ಅವ್ವ ಮಾತ್ರ ಬೈಯಲಿಲ್ಲ. ಜೋಲುಬಿದ್ದ ಕ್ಯಾನ್ವಾಸಿನ ಮುಂದೆ ಬಾಡಿದ ಮುಖ ಹೊತ್ತು ಕುಳಿತ ನನ್ನನ್ನು ನೋಡಿ, ಸಂಡಿಗೆ ಹೋದ ದುಃಖವೆಂದೇ ತಿಳಿದು ತಲೆ ಸವರಿದಳು. "ಹೋಗಲಿ ಬಿಡಪಾ, ಇನ್ನೊಮ್ಮೆ ಹಾಕೂಣು. ಈ ಸಲ ಸ್ವಲ್ಪ ದೊಡ್ಡದ ಕಟ್ಟು, ಶ್ಯಾವಿಗಿನೂ ಹಾಸಬಹುದು."

ಐದು ಅಡಿಯ ಚೌಕಟ್ಟಿಗೆ ಬಡಗಿಗೆ ಹೇಳಿ ಬಂದಿದ್ದೇನೆ. ಸರೆಸಿನ ಗೊಡವೆಗೆ ಈ ಸಲ ಹೋಗುವುದಿಲ್ಲ.