ಕೌದಿ ಒಗೆದ ಪ್ರಸಂಗ

"ಇಷ್ಟು ದೊಡ್ಡ ಡೋರ್‌ಮ್ಯಾಟ್ ಎಲ್ಲಿ ಸಿಕ್ತು?"

ಮೇಲಿನ ಮನೆಯವರು ಟೆರೇಸಿನಲ್ಲಿ ಹೀಗೆ ಕೇಳಿ ಮೂರು ದಿನವಾಯಿತು. ಕೌದಿಯೂ ಆರಿಲ್ಲ, ನನ್ನ ಸಿಟ್ಟೂ ಆರಿಲ್ಲ.

ಅದು ನಮ್ಮಜ್ಜಿ ಹಳೇ ಬಟ್ಟೆ ಜೋಡಿಸಿ ಹೊಲಿದ ಹೊದಿಕೆ, ಕೌದಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಅಜ್ಜನ ಧೋತರ, ನನ್ನ ಶಾಲೆಯ ಖಾಕಿ ಚಡ್ಡಿ, ಎಲ್ಲ ಅದರಲ್ಲಿವೆ. ಧಾರವಾಡದ ಕಡೆ ಇದನ್ನು ಹಳ್ಳಕ್ಕೆ ಒಯ್ದು ತುಳಿದು ಒಗೆಯುತ್ತಿದ್ದರು. ಹಿಂಡಲು ಆ ತುದಿಗೊಬ್ಬರು, ಈ ತುದಿಗೊಬ್ಬರು. ಬೆಂಗಳೂರಿನಲ್ಲಿ ಹಳ್ಳ ಇರುವುದು ರಸ್ತೆಯಲ್ಲಿ ಮಾತ್ರ. ಹಾಗಾಗಿ 7 ಕೆ.ಜಿ.ಯ ವಾಷಿಂಗ್ ಮಷೀನಿಗೆ ತುರುಕಿದೆ.

ಕೌದಿ ನೀರು ಕುಡಿದು ಎಮ್ಮೆಯಾಯಿತು. ಹಿಂಡುವ ಹೊತ್ತಿಗೆ ಮಷೀನು ದಡಬಡ ಕುಣಿಯುತ್ತ ಬಚ್ಚಲಿನಿಂದ ಹೊರಗೆ ಹೊರಟಿತು. ತಬ್ಬಿಕೊಂಡೆ. ನನ್ನನ್ನೂ ಕರೆದುಕೊಂಡು ಅರ್ಧ ಅಡಿ ನಡೆಯಿತು. ಕನ್ನಡಕ ಮೂಗಿನ ತುದಿಗೆ ಬಂತು. ಹಲ್ಲು ಕಟಕಟ. "ಸ್ವಿಚ್ ಆಫ್ ಮಾಡ್ರೀ!" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಸ್ವಿಚ್ ಗೋಡೆಯ ಮೇಲಿದೆ, ಕೈಬಿಟ್ಟರೆ ಮಷೀನು ಸೀದಾ ಹಾಲಿಗೆ ಹೋಗುತ್ತದೆ. "ಆ-ಆ-ಆಫ್" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಕೊನೆಗೆ ಅದೇ ಪ್ಲಗ್ ಕಿತ್ತುಕೊಂಡು ನಿಂತಿತು.

ಫೋನಿನಲ್ಲಿ ಅವ್ವನಿಗೆ ಹೇಳಿದೆ. "ಕೌದಿ ತುಳೀಬೇಕೋ, ಗಿರಗಿರ ತಿರುವಬಾರ್ದು. ಅಷ್ಟೂ ಗೊತ್ತಾಗಂಗಿಲ್ಲೇನು?" ಮೂಲೆಯಲ್ಲಿ ಗೇಣುದ್ದ ಹೊಲಿಗೆ ಬಿಚ್ಚಿದ್ದನ್ನು ಹೇಳಲಿಲ್ಲ.

ಅಜ್ಜಿಯ ಹೊಲಿಗೆ ಅಕ್ಕಿ ಕಾಳು ಸಾಲಾಗಿ ಇಟ್ಟ ಹಾಗೆ. ಅವಳಿಗೆ ಕಣ್ಣು ಮಂಜು. ನಾನು ಶಾಲೆಗೆ ಹೊರಡುವ ಮೊದಲು ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗಬೇಕಿತ್ತು. ಸೂಜಿಗೆ ಐದು ಪೈಸೆ ವಸೂಲಿ ಮಾಡುತ್ತಿದ್ದೆ. ಸಂತೆಯಲ್ಲಿ ಬದನೆಕಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ಮುದುಕಿ ನನ್ನ ಹತ್ತಿರ ಒಂದು ದಿನವೂ ಮಾಡಲಿಲ್ಲ. ಸೊಂಟದ ಚೀಲ ಬಿಚ್ಚಿ ಎಣಿಸಿ ಕೊಡುತ್ತಿದ್ದಳು. ಆಕೆ ಹೋದ ಮೇಲೂ ಆ ದಿಂಬಿನಲ್ಲಿ ಮೂರು ಸೂಜಿ ಹಾಗೇ ಇದ್ದವು, ದಾರದ ಸಮೇತ.

ನಿನ್ನೆ ರಾತ್ರಿ ಆ ಮೂಲೆ ಒಂಚೂರು ಒಣಗಿತ್ತು, ಸೂಜಿ ಹಿಡಿದೆ. ದಾರ ನೆಕ್ಕಿದೆ. ಹತ್ತಿರ ತಂದೆ, ದೂರ ಹಿಡಿದೆ. ಸೂಜಿಯ ಕಣ್ಣು ಎಲ್ಲೋ, ನನ್ನ ಕಣ್ಣು ಎಲ್ಲೋ. ಮಗನನ್ನು ಕರೆದೆ.

"ಒಂದು ಸೂಜಿಗೆ ಹತ್ತು ನಿಮಿಷ ಮೊಬೈಲ್," ಎಂದ.

ಐದಕ್ಕೆ ಇಳಿಸಲು ನೋಡಿದೆ. ಜಗ್ಗಲಿಲ್ಲ. ಎಳೆದಾಗಲೆಲ್ಲ ದಾರ ಜಾರಿ ಹೊರಗೆ ಬರುತ್ತಿದೆ. ಈಗಾಗಲೇ ಅರವತ್ತು ನಿಮಿಷ ಸಾಲ. ಇನ್ನೂ ಅರ್ಧ ಗೇಣು ಬಾಕಿ ಇದೆ.